ಕೊಡಗೂ ಕೊಡವರೂ: ಸಮಾಜ ಮಾನವಶಾಸ್ತ್ರದ ಒಂದು ಗ್ರಂಥದ ಪುನರ್ವಿಮರ್ಶೆ

೧

ದಿವಂಗತ ಎಂ. ಎನ್. ಶ್ರೀನಿವಾಸರು (೧೯೧೬–೧೯೯೯) ರಚಿಸಿದ, ‘ದಕ್ಷಿಣ ಭಾರತದ ಕೊಡಗರಲ್ಲಿ ಧರ್ಮ ಮತ್ತು ಸಮಾಜ’ ಎಂದು ನಾವು ಕನ್ನಡದಲ್ಲಿ ಹೆಸರಿಸಬಹುದಾದ ಇಂಗ್ಲಿಷ್ ಗ್ರಂಥವು ೧೯೫೨ನೆಯ ಇಸವಿಯಲ್ಲಿ ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯದಿಂದ ಹೊರಬಂದಿತು. ಗ್ರಂಥಕರ್ತರು ಮೈಸೂರಿನವರು. ಮುಂಬಯಿಯಲ್ಲಿ ಘುರ್ಯೆಯವರ ಬಳಿ ವ್ಯಾಸಂಗಮಾಡುತ್ತಿದ್ದ ಕಾಲದಲ್ಲಿ ಕೊಡಗಿನಿಂದ ಸಾಮಗ್ರಿಯನ್ನು ಸಂಗ್ರಹಿಸಿ, ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, ಮೊದಲು ರ‍್ಯಾಡ್‌ಕ್ಲಿಫ್ ಬ್ರೌನರ, ಅನಂತರ ಇವಾನ್ಸ್ ಪ್ರಿಚರ್ಡರ ಮಾರ್ಗದರ್ಶನದಲ್ಲಿ ಆ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಅಳವಡಿಸಿದರು. ಗ್ರಂಥಕ್ಕೆ ರ‍್ಯಾಡ್‌ಕ್ಲಿಫ್ ಬ್ರೌನರ ಮುನ್ನುಡಿಯಿದೆ. ‘ಸಂಸ್ಕೃತೀಕರಣ’ವೆಂದು ಇಂದು ಎಲ್ಲ ವಿದ್ಯಾಪೀಠಗಳಲ್ಲಿಯೂ ಬಳಕೆಯಾಗಿರುವ ಪರಿಭಾಷೆಯು ವಿದ್ವಲ್ಲೋಕದಲ್ಲಿ ನೆಲೆಗೊಂಡದ್ದು ಈ ಗ್ರಂಥದ ಮೂಲಕವೇ.

ಪ್ರಕಟವಾಗಿ ಎಪ್ಪತ್ತು ವರ್ಷಗಳಿಗೂ ಮಿಕ್ಕ ಗ್ರಂಥವನ್ನು ಈಗ ಮರಳಿ ವಿಮರ್ಶಿಸುವುದೇಕೆಂದು ವಾಚಕರು ಕೇಳಬಹುದು. ಕಾರಣ ಇಷ್ಟೆ. ಕೊಡವರು ಒಂದು ಹಿಂದೂ ಜಾತಿಯೊ, ಒಂದು ಬುಡಕಟ್ಟೊ, ಅಥವಾ ತಾವೇ ಒಂದು ಜನಾಂಗವೊ ಎಂಬ ಪ್ರಶ್ನೆಯು ಈಗ ಕೇವಲ ಪಂಡಿತರ ಪ್ರಶ್ನೆಯಾಗಿ ಉಳಿದಿಲ್ಲ. ಬುಡಕಟ್ಟಿನ ಸ್ಥಾನಮಾನವನ್ನೂ ಪ್ರತ್ಯೇಕ ಆಡಳಿತವನ್ನೂ ಬೇಡುವ ಕೂಗುಗಳು ಕೊಡಗಿನಲ್ಲಿ ಕೇಳಿಬಂದಿವೆ. ಅವುಗಳನ್ನು ಅಲ್ಲಗಳೆಯುವ ಮಾತುಗಳೂ ಕೇಳಿಬಂದಿವೆ. ಇಂಥ ವಾದ ಹುಟ್ಟಿದೆಡೆಯಲ್ಲೆಲ್ಲ ಪ್ರಮಾಣಗ್ರಂಥವೊಂದನ್ನು ಸಾಕ್ಷಿಕಟ್ಟೆಗೆ ಹತ್ತಿಸುವುದು ಲೋಕರೂಢಿ. ಕೊಡವರ ವಿಷಯದಲ್ಲಿ ಶ್ರೀನಿವಾಸರದಕ್ಕಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ. ಆ ಸಾಕ್ಷಿಯ ಮಾತಿನಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಬೇರ್ಪಡಿಸುವುದು ವಿಮರ್ಶಕರ ಕರ್ತವ್ಯ.

ಈ ಲೇಖನದ ಪ್ರತಿಜ್ಞೆಯನ್ನು ಮೊದಲೇ ಹೇಳುತ್ತೇವೆ. ಗ್ರಂಥದಲ್ಲಿ ಕೂಡಿಟ್ಟಿರುವ ಸಂಗತಿಗಳು ಒಂದನ್ನು ಹೇಳುತ್ತವೆ, ಅವುಗಳ ಮೇಲೆ ಕಟ್ಟಿದ ಸಿದ್ಧಾಂತವು ಇನ್ನೊಂದನ್ನು ಹೇಳುತ್ತದೆ. ಸಿದ್ಧಾಂತದ ಪ್ರಕಾರ ಒಂದು ಜನದ ತನ್ನತನವು ಅದರ ಆಚಾರಗಳ ಒಳಗಿನ ಒಗ್ಗಟ್ಟಿನಿಂದ ಹುಟ್ಟುತ್ತದೆ. ಸಂಗತಿಗಳನ್ನು ನೋಡಿದರೆ ಅದು ನೆರೆಹೊರೆಯವರೊಡನೆಯೂ ಸರಕಾರದೊಡನೆಯೂ ದೂರದ ಪೇಟೆಯೊಡನೆಯೂ ನಡೆದ ವ್ಯವಹಾರದಲ್ಲಿ ರೂಪುಗೊಂಡದ್ದೆಂದು ಗೊತ್ತಾಗುತ್ತದೆ.

೨

ಮೊದಲು ಹೆಸರಿನ ವಿಚಾರ. ‘ಕೂರ್ಗ್’ ಎಂಬ ಇಂಗ್ಲಿಷ್ ಪದವು ನಾಡಿಗೂ ಸಲ್ಲುತ್ತದೆ, ಒಂದು ಪಂಗಡದ ಜನಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಕೊಡಗು’ ನಾಡು, ‘ಕೊಡವರು’ ಆ ನಾಡಿನ ಒಂದು ಪಂಗಡ, ‘ಕೊಡಗಿನವರು’ ಎಂದರೆ ಆ ನಾಡಿನಲ್ಲಿ ಬಾಳುವ ಎಲ್ಲರೂ. ಕೊಡವ ತಕ್ಕನ್ನಾಡುವವರು, ಅರೆಭಾಷೆಯ ಗೌಡರು, ಹೆಗ್ಗಡೆಯವರು, ಅಯಿರಿಗಳು, ಮೇದರು, ಕೆಂಬಟ್ಟಿಯವರು, ಯರವರು, ಕುರುಬರು, ಕುಡಿಯರು, ಮಾಪಿಳ್ಳೆಯವರು, ತುಳು ಮಲೆಯಾಳ ಕನ್ನಡ ಭಾಷೆಗಳನ್ನಾಡುವ ಇತರರು, ಇವರೆಲ್ಲರೂ ಕೊಡಗಿನವರೆ.

ಇದು ಕೇವಲ ಶಬ್ದಚರ್ಚೆಯೆಂದು ಭಾವಿಸಬಾರದು. ೨೦೧೧ರ ಜನಗಣತಿಯಂತೆ ಕೊಡಗು ಜಿಲ್ಲೆಯ ಜನಸಂಖ್ಯೆ ೫,೫೪,೫೧೯. ಅದೇ ಗಣತಿಯಲ್ಲಿ ಭಾರತದಾದ್ಯಂತ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಯಿಸಿದವರು ೧,೧೩,೮೫೭. ಅಷ್ಟು ಜನರೂ ಕೊಡಗಿನಲ್ಲಿಯೇ ನೆಲಸಿದ್ದಾರೆಂದು ಇಟ್ಟುಕೊಂಡರೂ ಅವರು ನಾಡಿನ ಐದನೆಯ ಒಂದು ಪಾಲಾಗುತ್ತಾರೆ. ಉಳಿದ ನಾಲ್ಕು ಪಾಲು ಜನರು ‘ಕೂರ್ಗ್’ ಎಂಬ ಪದದ ನಾಡಿನ ಅರ್ಥದಲ್ಲಿ ಒಳಗಿದ್ದಾರೆ, ಜನದ ಅರ್ಥದಲ್ಲಿ ಹೊರಗಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಎರಡರ್ಥಗಳ ನಡುವಣ ಬಿರುಕು ಕಣ್ಣಿಗೆ ಬೀಳದು. ಶ್ರೀನಿವಾಸರು ಕನ್ನಡಿಗರಾದರೂ ಗ್ರಂಥವನ್ನು ಬರೆದದ್ದು ಇಂಗ್ಲಿಷಿನಲ್ಲಿ, ಮತ್ತು ಆಕ್ಸ್‌ಫರ್ಡಿನ ವಾಚಕರಿಗಾಗಿ. ಆದುದರಿಂದ ಒಂದು ಪಂಗಡದ ಧರ್ಮವನ್ನು ಒಂದು ನಾಡಿನ ಸಮಾಜದ ಅಳತೆಗೋಲನ್ನಾಗಿ ಮಾಡಿಕೊಂಡ ದೋಷವು ಶೀರ್ಷಿಕೆಯಿಂದಲೇ ಮೊದಲಾಗುತ್ತದೆ.

೩

ಗ್ರಂಥದ ಗುಣವನ್ನು ಹೇಳದೆ ದೋಷವನ್ನೆಣಿಸುವುದು ನ್ಯಾಯವಲ್ಲ. ಒಕ್ಕವನ್ನು ಕುರಿತ ಭಾಗವು ಇಂದಿಗೂ ಮಾದರಿಯಾಗಿ ನಿಲ್ಲುವಂಥದು. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಗಂಡು ಸಂತತಿಯಲ್ಲಿ ಇಳಿದುಬಂದ ಕುಟುಂಬ. ಅದಕ್ಕೆ ಒಂದು ಹೆಸರು, ಒಂದು ಐನ್‌ಮನೆ, ಪಿತೃಗಳಿಗೆ ಒಂದು ಕೈಮಡ, ಜಮ್ಮಾ ಹಕ್ಕಿನ ಒಂದು ಹಿಡುವಳಿ. ಗುರುಕಾರೋಣನೆಂಬ ಮೂಲಪುರುಷನ ಆರಾಧನೆ, ಪುತ್ತರಿಯ ದಿನ ಕದಿರು ತರುವ ಕ್ರಮ, ಕೈಲ್‌ಪೊಳ್ದಿನಲ್ಲಿ ಆಯುಧಗಳ ಪೂಜೆ, ಇವೆಲ್ಲವೂ ಒಕ್ಕವನ್ನು ಒಂದುಗೂಡಿಸುವ ಬಗೆಯನ್ನು ಗ್ರಂಥಕರ್ತರು ಬಿಡಿಬಿಡಿಸಿ ತೋರಿಸಿದ್ದಾರೆ. ಮಡಿ, ಪೊಲೆ ಎಂಬ ಎರಡು ಮಾತುಗಳಿಂದ ಆಚಾರಗಳ ವ್ಯಾಕರಣವೊಂದನ್ನು ರಚಿಸಿರುವುದೂ, ‘ಮಂಗಲ’ವೆಂಬ ಕರ್ಮವು ಮದುವೆಗೆ ಮಾತ್ರ ಸೇರಿದುದಲ್ಲವೆಂದು ತೋರಿಸಿರುವುದೂ ಸಾಮಾನ್ಯ ಸಾಧನೆಯಲ್ಲ. ಹುಲಿಯನ್ನು ಕೊಂದವನಿಗೆ ಮದುಮಗನಂತೆ ಸನ್ಮಾನ ನಡೆಯುವ ‘ನರಿಮಂಗಲ’ವನ್ನು ಇಲ್ಲಿ ನೆನೆಯಬಹುದು, ಕೊಡವ ನುಡಿಯಲ್ಲಿ ನರಿಯೆಂದರೆ ಹುಲಿ.

ಗ್ರಂಥಕರ್ತರಿಗೆ ಈ ಕಾರ್ಯದಲ್ಲಿ ಆಧಾರವಾದ ಒಂದು ದೇಶೀಯ ಗ್ರಂಥವನ್ನು ಸಾಹಿತ್ಯದ ಅಧ್ಯಾಪಕರು ಮರೆಯಬಾರದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಒಟ್ಟುಗೂಡಿಸಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯೇ ಅದು. ಆಕ್ಸ್‌ಫರ್ಡಿನ ಸಿದ್ಧಾಂತಕ್ಕೆ ಬೇಕಾದ ಕಾಳನ್ನು ಬೆಳೆದವರು ಚಿಣ್ಣಪ್ಪನವರು.

ಇನ್ನು ದೋಷದ ಮಾತು. ರ‍್ಯಾಡ್‌ಕ್ಲಿಫ್ ಬ್ರೌನರು ೧೯೨೨ರಲ್ಲಿ ಅಂಡಮಾನ್ ದ್ವೀಪದವರನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಆಚಾರಗಳು ಸಮಾಜದ ಒಗ್ಗಟ್ಟನ್ನು ಕಾಪಾಡುವ ಸಾಧನಗಳೆಂದು ವಾದಿಸಿದ್ದರು. ಶಿಷ್ಯರು ಆ ಸೂತ್ರವನ್ನು ಕೊಡಗಿಗೆ ತಂದರು. ಆದರೆ ಅಂಡಮಾನಿನಲ್ಲಿ ಜಾತಿಭೇದವಿರಲಿಲ್ಲ, ಜಮ್ಮಾ ಹಿಡುವಳಿಯಿರಲಿಲ್ಲ, ಭೂಮಿಗೆ ಕಟ್ಟುಬಿದ್ದ ಆಳುಗಳಿರಲಿಲ್ಲ. ಕೊಡಗಿನ ಊರಹಬ್ಬದಲ್ಲಿ ಮೇದನು ವಾದ್ಯ ನುಡಿಸುತ್ತಾನೆ, ಕಣಿಯನು ಮುಹೂರ್ತವಿಡುತ್ತಾನೆ, ಬಣ್ಣನು ದೈವವಾಗಿ ಕುಣಿಯುತ್ತಾನೆ, ಹೊಲೆಯನಿಗೂ ಗೊತ್ತಾದ ಒಂದು ಕೆಲಸವಿದೆ. ಇವೆಲ್ಲವೂ ಸೇರಿ ಊರಿನ ಒಗ್ಗಟ್ಟು ಪ್ರಕಟವಾಗುತ್ತದೆಂದು ಗ್ರಂಥಕರ್ತರ ನಿರ್ಣಯ. ವಾದ್ಯ ನುಡಿಸಿದವನು ಆ ಒಗ್ಗಟ್ಟನ್ನು ಒಗ್ಗಟ್ಟೆಂದೇ ಬಗೆದನೆ, ಅಥವಾ ಬಿಡಿಸಿಕೊಳ್ಳಲಾಗದ ಊಳಿಗವೆಂದು ಬಗೆದನೆ? ಈ ಪ್ರಶ್ನೆಗೆ ಉತ್ತರವು ಒಕ್ಕದ ಹಿರಿಯರ ಬಾಯಿಂದ ದೊರೆಯದು. ಯರವರಿಗೂ ಹಾಡುಗಳುಂಟು, ಆ ಹಾಡುಗಳಿಗೆ ಗ್ರಂಥದ ಸಿದ್ಧಾಂತದಲ್ಲಿ ಸ್ಥಾನ ದೊರೆತಿಲ್ಲ.

೪

ಈಗ ಸಂಸ್ಕೃತೀಕರಣದ ವಿಚಾರ. ಕೆಳಗಿನ ಜಾತಿಯೊಂದು ಮಾಂಸ ಮದ್ಯಗಳನ್ನು ತ್ಯಜಿಸಿ, ತನ್ನ ಕರ್ಮಗಳನ್ನೂ ದೇವತೆಗಳನ್ನೂ ಸಂಸ್ಕೃತದ ಮಾದರಿಗೆ ಹೊಂದಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಪಡೆಯಬಲ್ಲುದು ಎಂಬುದು ಅದರ ಸಾರ. ಗ್ರಂಥದಲ್ಲಿ ಹಿಂದೂ ಧರ್ಮವನ್ನು ಅಖಿಲ ಭಾರತ, ದಕ್ಷಿಣಾಪಥ, ಪ್ರಾಂತ, ಊರು ಎಂದು ನಾಲ್ಕು ಹರವುಗಳಾಗಿ ವಿಂಗಡಿಸಿದೆ. ಸಂಸ್ಕೃತೀಕರಣವು ಊರಿನ ದೈವವನ್ನು ಅಖಿಲ ಭಾರತದ ದೇವರಿಗೆ ಕೂಡಿಸುವ ಸೇತುವೆ. ಕಾವೇರೀಮಾಹಾತ್ಮ್ಯದಲ್ಲಿ ಕೊಡವರ ಮೂಲಪುರುಷನು ಮತ್ಸ್ಯದೇಶದ ಕ್ಷತ್ರಿಯನಾದ ಚಂದ್ರವರ್ಮನೆಂದು ಹೇಳಿರುವುದು ಇದಕ್ಕೆ ಉದಾಹರಣೆ.

ವಾದವು ಮನೋಹರವಾಗಿದೆ. ಆದರೆ ಗ್ರಂಥದಲ್ಲಿಯೇ ಬರುವ ಅಮ್ಮಕೊಡವರ ವೃತ್ತಾಂತವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಕೊಡವರೊಳಗೆ ಯಾರು ಮಾಂಸವನ್ನು ಬಿಟ್ಟು, ಜನಿವಾರವನ್ನು ಧರಿಸಿ, ಬ್ರಾಹ್ಮಣಾಚಾರವನ್ನು ಕೈಕೊಂಡರೊ ಅವರು ಕೊಡವ ಸಮುದಾಯದ ಶಿಖರವಾಗಲಿಲ್ಲ. ಕೊಡುವ ತರುವ ಸಂಬಂಧ ಕಡಿದುಹೋಗಿ ಬೇರೊಂದು ಸಣ್ಣ ಪಂಗಡವಾದರು. ಉಳಿದ ಕೊಡವರು ಹಂದಿಯ ಮಾಂಸವನ್ನೂ ಮದ್ಯವನ್ನೂ ಬಿಡಲಿಲ್ಲ, ಮದುವೆಗೆ ಪುರೋಹಿತನನ್ನು ಕರೆಯಲಿಲ್ಲ. ಆದರೂ ಅವರ ಮನ್ನಣೆ ಕುಂದಲಿಲ್ಲ. ಅಂದಮೇಲೆ ಸಂಸ್ಕೃತೀಕರಣವು ಇಲ್ಲಿ ಕೂಡಿಸಿದ್ದಕ್ಕಿಂತ ಒಡೆದದ್ದೇ ಹೆಚ್ಚು. ಈ ಸಂಗತಿಯನ್ನು ಗ್ರಂಥಕರ್ತರು ಮರೆಮಾಚಿಲ್ಲ, ಅದು ಅವರ ಪ್ರಾಮಾಣಿಕತೆ. ಆದರೆ ಅದರ ಭಾರವನ್ನು ಸಿದ್ಧಾಂತದ ತಕ್ಕಡಿಯಲ್ಲಿ ಹಾಕಿ ತೂಗಿದಂತೆ ತೋರುವುದಿಲ್ಲ. ೧೯೬೬ರಲ್ಲಿ ಪ್ರಕಟವಾದ ಆಧುನಿಕ ಭಾರತದ ಸಾಮಾಜಿಕ ಪರಿವರ್ತನೆಯನ್ನು ಕುರಿತ ಗ್ರಂಥದಲ್ಲಿ, ಬ್ರಾಹ್ಮಣ ಮಾದರಿಯಲ್ಲದೆ ಕ್ಷತ್ರಿಯ ವೈಶ್ಯ ಮೊದಲಾದ ಇತರ ಮಾದರಿಗಳೂ ಉಂಟೆಂದು ಅವರೇ ಒಪ್ಪಿಕೊಂಡರು. ಇದರಿಂದ ವಾದವು ಸಡಿಲವಾಯಿತೇ ಹೊರತು ಏಣಿಯು ಏಣಿಯಾಗಿಯೇ ಉಳಿಯಿತು. ಒಂದು ಜನವು ಹತ್ತುವುದೆಲ್ಲಿಗೆ ಎಂಬುದು ಮಾತ್ರ ಬದಲಾಯಿತು.

ಸಾಹಿತ್ಯದಿಂದ ಒಂದು ನಿದರ್ಶನವನ್ನು ತೆಗೆದುಕೊಂಡರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಹರದಾಸ ಅಪ್ಪಚ್ಚ ಕವಿಗಳು (೧೮೬೮–೧೯೪೪) ಕೊಡವ ಭಾಷೆಯ ಆದ್ಯ ನಾಟಕಕಾರರು. ಅವರ ನಾಲ್ಕು ನಾಟಕಗಳ ವಸ್ತುಗಳು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ನಾಲ್ಕೂ ಪೌರಾಣಿಕ. ಏಣಿಯ ಸಿದ್ಧಾಂತದಿಂದ ನೋಡಿದರೆ ಇದು ಸಂಸ್ಕೃತೀಕರಣದ ಶುದ್ಧ ಉದಾಹರಣೆ. ಮನೆಯ ನುಡಿಯವರು ಪುರಾಣವನ್ನು ಬರಮಾಡಿಕೊಂಡರು. ಆದರೆ ಅದುವರೆಗೆ ಹಾಡಿನಲ್ಲಿ ಮಾತ್ರ ಬದುಕಿದ್ದ ನುಡಿಯು ಗ್ರಂಥದ ನುಡಿಯಾದದ್ದು, ರಂಗದ ಮೇಲೆ ಅರಸನ ಬಾಯಲ್ಲಿಯೂ ಋಷಿಯ ಬಾಯಲ್ಲಿಯೂ ಕೊಡವ ತಕ್ಕ್ ಕೇಳಿಬಂದದ್ದು ಆ ನಾಟಕಗಳಿಂದಲೇ. ಒಂದೇ ಕೃತಿಯಲ್ಲಿ ಭಾರತೀಯವಾಗುವುದೂ ಕೊಡವವಾಗುವುದೂ ಏಕಕಾಲದಲ್ಲಿ ನಡೆದಿವೆ. ನಮ್ಮ ಆದಿಕವಿಗಳು ಭಾರತದ ಕಥೆಯನ್ನು ಕನ್ನಡಕ್ಕೆ ತಂದಾಗ ಕನ್ನಡದ ತನ್ನತನವು ಕರಗಲಿಲ್ಲ, ಬದಲಾಗಿ ಮೂಡಿತು ಎಂಬುದನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಇದು ಹೊಸ ಮಾತಲ್ಲ. ಸಮಾಜಶಾಸ್ತ್ರಜ್ಞರು ಸಾಹಿತ್ಯಚರಿತ್ರೆಯಿಂದ ಕಲಿಯಬಹುದಾದ ಮಾತು ಇದು.

೫

೧೯೬೯ರಲ್ಲಿ ನಾರ್ವೆಯ ವಿದ್ವಾಂಸ ಫ್ರೆಡ್ರಿಕ್ ಬಾರ್ತರು ಸಂಪಾದಿಸಿದ, ಜನಪಂಗಡಗಳನ್ನೂ ಅವುಗಳ ಎಲ್ಲೆಗಳನ್ನೂ ಕುರಿತ ಗ್ರಂಥವು ಈ ಶಾಸ್ತ್ರದ ದಾರಿಯನ್ನೇ ತಿರುಗಿಸಿತು. ಪಂಗಡವನ್ನು ಪಂಗಡವನ್ನಾಗಿ ಮಾಡುವುದು ಅದರೊಳಗೆ ತುಂಬಿರುವ ಆಚಾರವಿಚಾರವಲ್ಲ, ಪಕ್ಕದವರಿಗೂ ತಮಗೂ ನಡುವೆ ಕಾಯ್ದುಕೊಂಡ ಎಲ್ಲೆ ಎಂಬುದು ಬಾರ್ತರ ಮತ. ಕೊಡಗಿನಲ್ಲಿ ಈ ಮತಕ್ಕೆ ಬೇಕಾದಷ್ಟು ಪುಷ್ಟಿ ದೊರೆಯುತ್ತದೆ. ಅರೆಭಾಷೆಯನ್ನಾಡುವ ಗೌಡರು ಹುತ್ತರಿಯನ್ನು ಆಚರಿಸುತ್ತಾರೆ, ಆಯುಧಗಳನ್ನು ಪೂಜಿಸುತ್ತಾರೆ, ಮೂಲಮನೆಯ ಪಿತೃಗಳಿಗೆ ಎಡೆಯಿಡುತ್ತಾರೆ, ಉಡುಗೆಯಲ್ಲಿಯೂ ಕೊಡವರಿಗೆ ಹತ್ತಿರವಾಗಿದ್ದಾರೆ. ಆಚಾರದ ಪಟ್ಟಿಯನ್ನು ಹಿಡಿದು ಹೋಲಿಸಿದರೆ ಹೆಚ್ಚಿನ ಅಂತರ ಕಾಣದು. ಆದರೆ ಎಲ್ಲೆಯು ಅಳಿಸಿಹೋಗಿಲ್ಲ. ೧೮೩೭ರಲ್ಲಿ ಕಂಪನಿಯ ವಿರುದ್ಧ ನಡೆದ ದಂಗೆಯಲ್ಲಿ ಗೌಡರು ಮುಂದಾಳುಗಳಾಗಿದ್ದರು; ಅದನ್ನಡಗಿಸಲು ನೆರವಾದ ಕೊಡವರನ್ನು ಸರಕಾರವು ಮೆಚ್ಚಿಕೊಂಡಿತು. ಒಂದೇ ಇಸವಿಯು ಎರಡು ಜನರ ನೆನಪಿನಲ್ಲಿ ಎರಡು ಬಗೆಯಾಗಿ ಉಳಿದಿದೆ. ಕೊಡವ ಸಾಹಿತ್ಯ ಅಕಾಡೆಮಿ ೧೯೯೪ರಲ್ಲಿಯೂ ಅರೆಭಾಷೆಯ ಅಕಾಡೆಮಿ ೨೦೧೧ರಲ್ಲಿಯೂ ಬೇರೆಬೇರೆಯಾಗಿ ಸ್ಥಾಪಿತವಾದುವು.

ಬಾರ್ತರ ಮತವೂ ಸಾಲದು. ಎಲ್ಲೆಯನ್ನು ನೆರೆಹೊರೆಯವರು ಮಾತ್ರ ಎಳೆಯುವುದಿಲ್ಲ. ಸರಕಾರದ ಲೇಖನಿಯೂ ಎಳೆಯುತ್ತದೆ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರನ್ನು ನಿರಾಯುಧೀಕರಣದ ಕಾನೂನಿನಿಂದ ಬಿಡುಗಡೆಮಾಡಿ ಹೊರಡಿಸಿದ ಪ್ರಕಟನೆಯಲ್ಲಿ ಅವರನ್ನು ವೀರರ ಒಂದು ಚಿಕ್ಕ ‘ನೇಷನ್’ ಎಂದು ಕರೆದರು. ಈ ಪದವನ್ನು ವಾಚಕರು ಲಕ್ಷಿಸಬೇಕು. ಜನಾಂಗವೆಂಬ ಬಿರುದು ಮೊದಲು ಒಳಗಿನಿಂದ ಹೊರಟ ಕೂಗಲ್ಲ. ಅದು ಆಳುವವರು ರಾಜನಿಷ್ಠೆಗೆ ಮೆಚ್ಚಿ ಕೊಟ್ಟ ಉಡುಗೊರೆ. ಸ್ವತಂತ್ರ ಭಾರತದಲ್ಲಿಯೂ ಆ ವಿನಾಯಿತಿಯು ಮುಂದುವರಿಯಿತು. ಅದರ ಒಕ್ಕಣೆಯಂತೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಹೊಂದುವವರು ‘ಕೂರ್ಗ್ ಜನಾಂಗ’ದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ೨೦೧೯ರಲ್ಲಿ ಕೇಂದ್ರ ಸರಕಾರವು ಇದನ್ನು ೨೦೨೯ರವರೆಗೆ ವಿಸ್ತರಿಸಿತು. ಒಂದು ಷರತ್ತು ರಕ್ತವನ್ನು ನೋಡುತ್ತದೆ, ಇನ್ನೊಂದು ಭೂಮಿಯನ್ನು ನೋಡುತ್ತದೆ. ‘ಕೂರ್ಗ್’ ಎಂಬ ಪದದ ಎರಡರ್ಥಗಳೇ ಇಲ್ಲಿ ಕಾನೂನಿನ ಎರಡು ಷರತ್ತುಗಳಾಗಿವೆ.

ಗಂಡುಮಗು ಹುಟ್ಟಿದಾಗ ಬಂದೂಕನ್ನು ಹಾರಿಸುವುದೂ, ಸಾವನ್ನು ಬಂದೂಕಿನ ಸದ್ದಿನಿಂದ ಊರಿಗೆ ತಿಳಿಸುವುದೂ, ಕೈಲ್‌ಪೊಳ್ದಿನಂದು ಅದಕ್ಕೆ ಹೂವಿಡುವುದೂ ಕೊಡವರ ಆಚಾರಗಳು. ಇವುಗಳಿಂದ ಒಕ್ಕದ ಒಗ್ಗಟ್ಟು ಬಲಗೊಳ್ಳುತ್ತದೆಂಬುದು ನಿಜ. ಆದರೆ ನೆರೆನಾಡುಗಳ ಜನರ ಕೈಯಿಂದ ಆಯುಧವು ಕಳಚಿಬಿದ್ದ ಕಾಲದಲ್ಲಿ ಇವರ ಮನೆಯ ಗೋಡೆಯ ಮೇಲೆ ಅದು ಉಳಿದದ್ದಕ್ಕೆ ಒಂದು ಸರಕಾರೀ ಪ್ರಕಟನೆ ಕಾರಣ. ಆಚಾರವನ್ನು ವರ್ಣಿಸಿ ಪ್ರಕಟನೆಯನ್ನು ಹಿನ್ನೆಲೆಗೆ ಸರಿಸಿದರೆ, ಇತಿಹಾಸವು ಅನಾದಿಯೆಂಬಂತೆ ಕಾಣುತ್ತದೆ. ಒಗ್ಗಟ್ಟಿನ ಸಿದ್ಧಾಂತದ ದೊಡ್ಡ ಅಪಾಯ ಇದೇ.

೬

ರಾಷ್ಟ್ರೀಯತೆಯ ವಿಚಾರಕ್ಕೆ ಬರೋಣ. ೧೯೮೩ನೆಯ ಇಸವಿಯಲ್ಲಿ ಎರಡು ಪ್ರಸಿದ್ಧ ಗ್ರಂಥಗಳು ಪ್ರಕಟವಾದುವು. ಅರ್ನೆಸ್ಟ್ ಗೆಲ್ನರರು, ಕೈಗಾರಿಕಾ ಸಮಾಜಕ್ಕೆ ಶಾಲೆಯಲ್ಲಿ ಕಲಿಸಬಹುದಾದ ಒಂದೇ ಬಗೆಯ ಸಂಸ್ಕೃತಿ ಬೇಕು, ಆ ಅಗತ್ಯದಿಂದಲೇ ರಾಷ್ಟ್ರೀಯತೆಯು ಹುಟ್ಟುತ್ತದೆಂದರು. ಬೆನೆಡಿಕ್ಟ್ ಆಂಡರ್ಸನ್ನರು, ಮುದ್ರಣವು ವ್ಯಾಪಾರವಾದಾಗ ಒಂದು ಭಾಷೆಯ ಓದುಗರು ಪರಸ್ಪರ ಕಾಣದಿದ್ದರೂ ತಾವು ಒಂದೆಂದು ಭಾವಿಸಿಕೊಳ್ಳುವರೆಂದರು. ಇವುಗಳ ಬೆಳಕಿನಲ್ಲಿ ಕೊಡಗನ್ನು ನೋಡಿದರೆ ಎರಡಕ್ಕೂ ತೊಡಕು ಒದಗುತ್ತದೆ.

ಕೊಡಗಿನಲ್ಲಿ ಕೈಗಾರಿಕೆ ಬೆಳೆಯಲಿಲ್ಲ. ಶಾಲೆಯ ಭಾಷೆ ಕನ್ನಡ, ಇಲ್ಲವೆ ಇಂಗ್ಲಿಷ್. ಕೊಡವ ತಕ್ಕ್ ಎಂದೂ ಪಾಠದ ಮಾಧ್ಯಮವಾಗಲಿಲ್ಲ. ಹೀಗಿದ್ದೂ ಕೊಡವರ ತನ್ನತನದ ಅರಿವು ಗೆಲ್ನರರ ಮಾತಿಗೆ ಕಾಯಲಿಲ್ಲ. ಆಂಡರ್ಸನ್ನರ ಮಾತು ಅರ್ಧ ಸಲ್ಲುತ್ತದೆ. ‘ಪಟ್ಟೋಲೆ ಪಳಮೆ’ಯು ಅಚ್ಚಾದದ್ದು ಕೊಡವರಿಗೆ ತಮ್ಮ ಹಳೆಯದನ್ನು ಒಂದೆಡೆ ಕಾಣುವಂತೆ ಮಾಡಿತು. ಆದರೆ ಅದು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಎಮೆನೋ ಅವರು ೧೯೩೦ರ ದಶಕದಲ್ಲಿ ಕ್ಷೇತ್ರಕಾರ್ಯ ನಡೆಸಿ ಸ್ವತಂತ್ರ ದ್ರಾವಿಡ ಭಾಷೆಯೆಂದು ವಿವರಿಸಿದ ನುಡಿಯು ಹೀಗೆ ನೆರೆಯ ನುಡಿಯ ಅಕ್ಷರಗಳಲ್ಲಿ ತನ್ನ ಬೇರೆತನವನ್ನು ಸಾರಿತು. ಅದಕ್ಕೂ ಹಿಂದೆ ಹಾಲೇರಿ ಅರಸರ ಆಸ್ಥಾನದ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ಯು ಕನ್ನಡ ಗದ್ಯ. ಇಪ್ಪತ್ತನೆಯ ಶತಮಾನದಲ್ಲಿ ಕೊಡಗಿನ ನಾಡಗೀತೆಯೆಂಬಂತೆ ಜನಪ್ರಿಯವಾದ ‘ಹುತ್ತರಿ ಹಾಡ’ನ್ನು ರಚಿಸಿದವರು ಮಡಿಕೇರಿಯಲ್ಲಿ ಅಧ್ಯಾಪಕರಾಗಿದ್ದ ಪಂಜೆ ಮಂಗೇಶರಾಯರು (೧೮೭೪–೧೯೩೭). ಅವರು ದಕ್ಷಿಣ ಕನ್ನಡದವರು, ಮನೆಯ ಮಾತು ಕೊಂಕಣಿ, ಹಾಡಿನ ಭಾಷೆ ಕನ್ನಡ. ಒಂದು ನಾಡಿನ ಹೆಮ್ಮೆಯನ್ನು ಹೊರಗಿನಿಂದ ಬಂದವರು, ಮೂರನೆಯ ಭಾಷೆಯೊಂದರಲ್ಲಿ ಹಾಡಿಕೊಟ್ಟರು. ನಾಡು ಅದನ್ನು ತನ್ನದೆಂದು ಒಪ್ಪಿಕೊಂಡಿತು.

ರಾಜಕೀಯದಲ್ಲಿಯೂ ಇದೇ ಬಗೆಯ ಹೆಣೆಕೆ. ಶ್ರೀನಿವಾಸರ ಗ್ರಂಥವು ಪ್ರಕಟವಾದ ೧೯೫೨ರಲ್ಲಿಯೇ ಕೊಡಗಿನ ವಿಧಾನಸಭೆಗೆ ಚುನಾವಣೆ ನಡೆಯಿತು. ೨೪ ಸ್ಥಾನಗಳಲ್ಲಿ ೧೫ ಕಾಂಗ್ರೆಸ್ಸಿಗೂ ೯ ಪಕ್ಷೇತರರಿಗೂ ದೊರೆತುವು. ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಮೈಸೂರಿನೊಡನೆ ವಿಲೀನವಾಗುವುದನ್ನು ವಿರೋಧಿಸಿದವರ ಮುಂದಾಳು ಪಂದ್ಯಂಡ ಬೆಳ್ಯಪ್ಪನವರು. ಇಬ್ಬರೂ ಕೊಡವರು, ಇಬ್ಬರೂ ಸ್ವಾತಂತ್ರ್ಯ ಚಳವಳಿಯಲ್ಲಿ ದುಡಿದವರು. ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಒಂದೇ ಒಕ್ಕದ ಸಂಸ್ಕೃತಿ, ಒಂದೇ ಪುತ್ತರಿ, ಒಂದೇ ಕಾವೇರಮ್ಮೆ. ಆದರೂ ನಾಡಿನ ಭವಿಷ್ಯದ ಪ್ರಶ್ನೆಯಲ್ಲಿ ಕೊಡವರೇ ಎರಡಾದರು. ಆಚಾರದ ಐಕ್ಯದಿಂದ ರಾಜಕೀಯದ ಐಕ್ಯವು ತಾನಾಗಿಯೇ ಹುಟ್ಟದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಇತ್ತ, ೧೯೪೯ರ ಜನವರಿ ೧೫ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ೧೯೫೭ರಲ್ಲಿ ಅದರ ಮುಖ್ಯಸ್ಥರಾದ ತಿಮ್ಮಯ್ಯನವರೂ ಕೊಡವರೆ. ಬ್ರಿಟಿಷರು ಕೊಟ್ಟ ‘ವೀರಜನಾಂಗ’ದ ಬಿರುದು ಸ್ವತಂತ್ರ ಭಾರತದ ಹೆಮ್ಮೆಯಾಗಿ ಮಾರ್ಪಟ್ಟಿತು. ಕೊಡವತನವೂ ಭಾರತೀಯತೆಯೂ ತಕ್ಕಡಿಯ ಎರಡು ತಟ್ಟೆಗಳಲ್ಲ, ಒಂದು ಏರಿದರೆ ಇನ್ನೊಂದು ಇಳಿಯುವುದಕ್ಕೆ.

೭

ಜಾಗತೀಕರಣವೆಂದು ಈಚೆಗೆ ಹೆಸರಾದ ಲೋಕವ್ಯಾಪಾರವು ಕೊಡಗಿಗೆ ಹೊಸದಲ್ಲ. ೧೮೫೦ರ ದಶಕದಲ್ಲಿ ಯೂರೋಪಿಯನ್ನರು ಮಡಿಕೇರಿಯ ಬಳಿ ಕಾಫಿ ತೋಟಗಳನ್ನು ತೆರೆದ ದಿನದಿಂದ ಕೊಡಗಿನ ಬೆಟ್ಟವು ಲಂಡನ್ನಿನ ಪೇಟೆಗೆ ಕಟ್ಟುಬಿದ್ದಿತು. ಇಂದು ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಈ ಒಂದು ಜಿಲ್ಲೆ ಬೆಳೆಯುತ್ತದೆ. ೧೯೪೨ರ ಕಾಫಿ ಕಾನೂನಿನ ಮೇರೆಗೆ ಕಾಫಿ ಬೋರ್ಡು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿತ್ತು. ೧೯೯೦ರ ದಶಕದ ಮಧ್ಯದಲ್ಲಿ ಆ ವ್ಯವಸ್ಥೆಯು ನಿಂತುಹೋಗಿ, ರೊಬಸ್ಟದ ಬೆಲೆಗೆ ಲಂಡನ್ನನ್ನೂ ಅರೇಬಿಕದ ಬೆಲೆಗೆ ನ್ಯೂಯಾರ್ಕನ್ನೂ ಬೆಳೆಗಾರನು ನೇರವಾಗಿ ನೋಡತೊಡಗಿದನು. ಗದ್ದೆಯ ಬತ್ತವು ಹಿಂದೆ ಸರಿಯಿತು. ಕದಿರು ತರುವ ಪುತ್ತರಿಯು ನಿಂತಿಲ್ಲ. ಆದರೆ ಕದಿರು ತರಲು ಗದ್ದೆಯನ್ನು ಹುಡುಕಬೇಕಾದ ಮನೆಗಳೂ ಈಗ ಉಂಟು. ತೋಟದ ಕೆಲಸಕ್ಕೆ ಒಂದು ಕಾಲದಲ್ಲಿ ಮೈಸೂರು ಸೀಮೆಯಿಂದಲೂ ಮಲಬಾರಿನಿಂದಲೂ ಜನ ಬರುತ್ತಿದ್ದರು; ಈಚೆಗೆ ಅಸ್ಸಾಮು ಮೊದಲಾದ ದೂರದ ಪ್ರಾಂತಗಳಿಂದ ಬರುತ್ತಿದ್ದಾರೆ. ಒಕ್ಕದ ಮಕ್ಕಳು ಬೆಂಗಳೂರಿಗೂ ಪರದೇಶಗಳಿಗೂ ಹೋಗಿದ್ದಾರೆ. ಶ್ರೀನಿವಾಸರ ಗ್ರಂಥದಲ್ಲಿ ಕೈಮಡಕ್ಕೆ ಸಂದ ಲಕ್ಷ್ಯವು ಕಾಫಿಗೆ ಸಂದಿಲ್ಲ.

ಹೀಗೆ ಚದರಿದ ಒಕ್ಕವು ಮರಳಿ ಕೂಡುವ ಬಗೆಯೊಂದು ವಿಚಾರಯೋಗ್ಯವಾಗಿದೆ. ೧೯೯೭ರಲ್ಲಿ ಪಾಂಡಂಡ ಒಕ್ಕದವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಪ್ರತಿ ತಂಡವೂ ಒಂದು ಒಕ್ಕ. ಪ್ರತಿವರ್ಷವೂ ಒಂದು ಒಕ್ಕವು ಅದನ್ನು ನಡೆಯಿಸುತ್ತದೆ. ಮೊದಲ ವರ್ಷ ಸುಮಾರು ೬೦ ಇದ್ದ ತಂಡಗಳ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ೩೦೦ನ್ನು ಮೀರಿದೆ. ಇಂಗ್ಲೆಂಡಿನಲ್ಲಿ ನಿಯಮ ಪಡೆದು, ಸೈನ್ಯ ಶಾಲೆಗಳ ಮೂಲಕ ಬೇರೂರಿದ ಒಂದು ಆಟವು ಗುರುಕಾರೋಣನ ಸಂತತಿಯನ್ನು ಎಣಿಸುವ ಸಾಧನವಾಗಿದೆ. ಐನ್‌ಮನೆಯ ದೀಪದ ಬಳಿ ಕೂಡಲಾರದವರು ಮೈದಾನದಲ್ಲಿ ಕೂಡುತ್ತಾರೆ. ಲೋಕವ್ಯಾಪಾರವು ಸಣ್ಣ ಜನಗಳ ತನ್ನತನವನ್ನು ನುಂಗಿಬಿಡುತ್ತದೆಂಬ ಭೀತಿಗೆ ಇದು ಒಂದು ಉತ್ತರ.

ಉತ್ತರವು ಪೂರ್ತಿಯಲ್ಲ. ೨೦೦೧ರ ಗಣತಿಯಲ್ಲಿ ೧,೬೬,೧೮೭ ಇದ್ದ ಕೊಡವ ಭಾಷಿಕರ ಸಂಖ್ಯೆ ೨೦೧೧ರಲ್ಲಿ ೧,೧೩,೮೫೭ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಪಾಲು ಜನ ಅಳಿದುಹೋಗುವುದು ಸಂಭವವಲ್ಲ. ಮನೆಯಲ್ಲಿ ಆಡುವ ನುಡಿ, ಗಣತಿಯವರಿಗೆ ಹೇಳುವ ನುಡಿ, ಗಣತಿಯ ಪಟ್ಟಿಯಲ್ಲಿ ಸೇರುವ ನುಡಿ, ಈ ಮೂರೂ ಒಂದೇ ಆಗಿರಬೇಕಾದುದಿಲ್ಲ. ಅಂತೂ ಯುನೆಸ್ಕೋ ಸಂಸ್ಥೆಯು ಅಪಾಯದಲ್ಲಿರುವ ಭಾಷೆಗಳೊಳಗೆ ಇದನ್ನೂ ಸೇರಿಸಿದೆ. ತಂಡಗಳು ಹೆಚ್ಚುತ್ತಿವೆ, ನುಡಿಯುವವರು ಕಡಮೆಯಾಗುತ್ತಿದ್ದಾರೆ. ಎಲ್ಲೆಯು ಗಟ್ಟಿಯಾಗುತ್ತಿರುವಾಗಲೇ ಒಳಗಿನ ಸಾರವು ತೆಳುವಾಗಬಹುದೆಂಬ ಬಾರ್ತರ ಎಣಿಕೆ ಇಲ್ಲಿ ನಿಜವಾಗುವಂತೆ ಕಾಣುತ್ತದೆ. ಎಲ್ಲೆಯೇ ಸಾಕೆನ್ನುವ ಶಾಸ್ತ್ರಜ್ಞನಿಗೆ ಇದರಲ್ಲಿ ನಷ್ಟವಿಲ್ಲ. ಆದರೆ ನುಡಿಯೊಂದು ಹೋದರೆ ಅದರ ಹಾಡು, ಗಾದೆ, ಬೈಗುಳ, ಜೋಗುಳ ಎಲ್ಲವೂ ಹೋಗುವುವೆಂದು ಬಲ್ಲ ಸಾಹಿತ್ಯಾಭ್ಯಾಸಿಗೆ ಇದು ಸಣ್ಣ ನಷ್ಟವಲ್ಲ.

೮

ಇಷ್ಟರಿಂದ ನಾವು ತಲಪುವ ನಿರ್ಣಯವನ್ನು ಸಂಗ್ರಹಿಸಬಹುದು. ಕೊಡವರು ಹಿಂದೂ ಸಮಾಜದ ಏಣಿಯಲ್ಲಿ ಒಂದು ಮೆಟ್ಟಿಲೆಂದು ಹೇಳುವವರು ಶ್ರೀನಿವಾಸರ ಸಿದ್ಧಾಂತವನ್ನು ಉದ್ಧರಿಸಬಹುದು. ಅಮ್ಮಕೊಡವರ ಸಂಗತಿಯು ಅವರಿಗೆ ಅಡ್ಡಬರುತ್ತದೆ. ಕೊಡವರು ಅನಾದಿಯಿಂದ ಯಾರೊಡನೆಯೂ ಸೇರದ ಪ್ರತ್ಯೇಕ ಜನವೆಂದು ಹೇಳುವವರು ಅವರ ಗ್ರಂಥದ ಒಕ್ಕದ ವರ್ಣನೆಯನ್ನು ಉದ್ಧರಿಸಬಹುದು. ಮೇದನ ವಾದ್ಯ, ಕಣಿಯನ ಮುಹೂರ್ತ, ಹಾಲೇರಿಯ ಕನ್ನಡ, ಕಬ್ಬನ್ನರ ಪ್ರಕಟನೆಗಳು ಅವರಿಗೆ ಅಡ್ಡಬರುತ್ತವೆ. ಹಕ್ಕಿನ ಬೇಡಿಕೆಗಳು ನ್ಯಾಯವೊ ಅನ್ಯಾಯವೊ ಎಂಬುದನ್ನು ಇಂದಿನ ಜನರ ಅಗತ್ಯವನ್ನು ನೋಡಿ ತೀರ್ಮಾನಿಸಬೇಕೇ ಹೊರತು, ೧೯೪೦ರ ದಶಕದಲ್ಲಿ ಒಬ್ಬ ವಿದ್ವಾಂಸರು ಒಂದು ಪಂಗಡದ ಹಿರಿಯರಿಂದ ಕೇಳಿ ಬರೆದುಕೊಂಡ ಆಚಾರಗಳ ಪಟ್ಟಿಯಿಂದಲ್ಲ. ಹಾಗೆ ತೀರ್ಮಾನಿಸಹೊರಟರೆ ಜನರು ತಮ್ಮ ಬಾಳಿನಂತೆ ಗ್ರಂಥವನ್ನು ತಿದ್ದುವುದರ ಬದಲು ಗ್ರಂಥದಂತೆ ತಮ್ಮ ಬಾಳನ್ನು ತಿದ್ದಿಕೊಳ್ಳಬೇಕಾದೀತು.

ಕನ್ನಡದ ವಿದ್ವಾಂಸರಿಗೂ ಇದರಲ್ಲಿ ಒಂದು ಹೊಣೆಯಿದೆ. ಕೊಡವ ನುಡಿಯನ್ನು ಕನ್ನಡದ ಒಂದು ಉಪಭಾಷೆಯೆಂದು ಬಾಯಿಮಾತಿಗೆ ಹೇಳಿಬಿಡುವ ರೂಢಿಯು ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಶಾಸ್ತ್ರಕ್ಕೂ ಸಲ್ಲದು, ಸೌಜನ್ಯಕ್ಕೂ ಸಲ್ಲದು. ನಮ್ಮ ಲಿಪಿಯನ್ನು ಧರಿಸಿ ಬಂದ ಮಾತ್ರಕ್ಕೆ ಅದು ನಮ್ಮ ಭಾಷೆಯಾಗಲಿಲ್ಲ. ನಮ್ಮ ಲಿಪಿಯನ್ನು ಧರಿಸಿದುದರಿಂದ ನಮಗೆ ಪರಕೀಯವೂ ಆಗಲಿಲ್ಲ. ಅಪ್ಪಚ್ಚ ಕವಿಗಳನ್ನೂ ಚಿಣ್ಣಪ್ಪನವರನ್ನೂ ಮೂಲದಲ್ಲಿ ಓದಿ, ಯರವರ ಹಾಡುಗಳನ್ನೂ ಅರೆಭಾಷೆಯ ಕಥೆಗಳನ್ನೂ ಪಕ್ಕದಲ್ಲಿರಿಸಿಕೊಂಡು, ಕೊಡವರ ಚರಿತ್ರೆಯೊಡನೆ ಕೊಡಗಿನ ಚರಿತ್ರೆಯನ್ನೂ ಬರೆಯುವವರು ಮುಂದೆ ಬರಬೇಕಾಗಿದೆ. ಆ ಕೆಲಸಕ್ಕೆ ಹೊರಟವರು ಮೊದಲು ಓದಬೇಕಾದ ಗ್ರಂಥವು ಶ್ರೀನಿವಾಸರದೇ.